ಜಪಾನಿನ ಕತ್ತಿ ಕಮ್ಮಾರರು ಉಕ್ಕನ್ನು ಯಾಕೆ ಮಡಚುತ್ತಾರೆ? (ಪ್ರಶ್ನೆ ನಮ್ಮಪ್ಪನದು)

ಕುಲುಮೆಮನೆ:

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮೂರು ರಿಪ್ಪನ್‌ಪೇಟೆ ಹತ್ತಿರ. ಅಪ್ಪನಿಗೆ 67. ತಾತನ ಕಾಲದಿಂದಲೂ ಕುಲುಮೆ ಕೆಲಸ. ಅಡಿಕೆ ಸುಲಿಯುವ ಮೆಟ್ಟುಗತ್ತಿ, ಸೊಪ್ಪು ಕಡಿಯುವ ಕತ್ತಿ, ಕೊಡಲಿ, ಹಾರೆ ಇವೇ ಮಾಡುವುದು. ನಾನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಲೇತ್ ಮೇಲೆ ನಿಲ್ಲುತ್ತೇನೆ. ಭಾನುವಾರ ಊರಿಗೆ ಹೋಗಿ ಅಪ್ಪನಿಗೆ ಚಮ್ಮಟಿಗೆ ಹೊಡೆದುಕೊಡುತ್ತೇನೆ. ಸೋಮವಾರ ಕೈ ಎತ್ತಲು ಆಗಲ್ಲ.

ಹೋದ ತಿಂಗಳು ಮಳೆಗೆ ಎರಡು ದಿನ ಕರೆಂಟ್ ಇರಲಿಲ್ಲ. ಸುಮ್ನೆ ಕೂತಿದ್ದಾಗ ಮೊಬೈಲಿನಲ್ಲಿ ಇಳಿಸಿಟ್ಟಿದ್ದ ವಿಡಿಯೋ ತೋರಿಸಿದೆ. ಜಪಾನಿನ ಒಬ್ಬ ಕಮ್ಮಾರ ಕತ್ತಿ ಮಾಡುವುದು. ಕತ್ತಿ ಅಂದರೆ ನಮ್ಮ ಕತ್ತಿ ಅಲ್ಲ, ಯುದ್ಧದ ಖಡ್ಗ, ಕಟಾನಾ. ಟಿವಿ ಬಂದರೆ ಐದು ನಿಮಿಷಕ್ಕೆ ಗೊರಕೆ ಹೊಡೆಯುವ ಅಪ್ಪ ಇದನ್ನು ಎರಡು ಸಲ ನೋಡಿದರು. ಮೂರನೇ ಸಲ "ಇಲ್ಲಿ ನಿಲ್ಸು, ಹಿಂದೆ ಹೋಗು" ಅಂತ ಶುರುವಾಯಿತು. ಚಾರ್ಜ್ ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ. ಅವರು ಕೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅವ್ನು ಕಾಯಿಸಿದ್ದನ್ನ ಹಾಸಿಗೆ ಮಡಚಿದ ಹಾಗೆ ಮತ್ತೆ ಮತ್ತೆ ಮಡಚ್ತಾನಲ್ಲ, ಯಾಕೆ? ಒಂದ್ಸಲಕ್ಕೆ ಸರಿಯಾಗ್ಲಿಲ್ವಾ?"

"ಕಬ್ಬಿಣಕ್ಕೆ ಒದ್ದೆ ಕಾಗದ ಸುತ್ತಿ, ಮಣ್ಣು ಸುರಿದು ಬೆಂಕಿಗೆ ಇಡ್ತಾನೆ. ಅದು ಪೂಜೆಯಾ, ಕೆಲಸವಾ?"

"ಹದ ಹಾಕುವಾಗ ಅಷ್ಟುದ್ದದ್ದನ್ನ ನೀರಿಗೇ ಇಳಿಸಿದ್ನಲ್ಲ, ಸೀಳಲಿಲ್ವಾ?"

ಕೊನೆಯದು ಕೇಳಿ ನನಗೆ ನಗು ಬಂತು. ಆದರೆ ಅವರು ನಗಲಿಲ್ಲ. "ಈಗಿನ ಕಾಲದಲ್ಲಿ ಖಡ್ಗ ಯಾರಿಗೆ ಬೇಕು? ಅವ್ನು ಊಟಕ್ಕೆ ಏನು ಮಾಡ್ತಾನೆ?"

ಗೊತ್ತಿದ್ದವರು ಹೇಳಿ. ಗೂಗಲ್ ನೋಡು ಅನ್ನಬೇಡಿ. ನೋಡಿದ್ದೇನೆ, ಎಲ್ಲ ಸಿನಿಮಾ ಕಥೆ.

ಗುಡ್ಡದಮನೆ:

ಮಾರಾಯ್ರೆ, ಸಾವಿರ ಸಲ ಮಡಚ್ತಾರಂತೆ. ಅದಕ್ಕೇ ಅದು ಬಂದೂಕಿನ ನಳಿಗೆಯನ್ನೂ ಕತ್ತರಿಸುತ್ತೆ. ನಮ್ಮ ಕತ್ತಿ ಹಲಸಿನಕಾಯಿಗೇ ಬಾಯಿ ಬಿಡುತ್ತೆ 😄

ತುಂಗೆಯಾಚೆ:

ಗುಡ್ಡದಮನೆಯವರೇ, ಸಾವಿರ ಸಲ ಮಡಚಿದರೆ ಕೈಯಲ್ಲಿ ಇಕ್ಕಳ ಮಾತ್ರ ಉಳಿಯುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಮಡಿಕೆಗೆ ಪದರ ಎರಡರಷ್ಟಾಗುತ್ತದೆ. 10 ಸಲಕ್ಕೆ 1,024. 15 ಸಲಕ್ಕೆ 32,768. ಅವರು ಮಡಚುವುದೂ ಹೆಚ್ಚುಕಡಿಮೆ ಅಷ್ಟೇ, ಹತ್ತರಿಂದ ಹದಿನೈದು ಸಲ.

ನಾನು ತೀರ್ಥಹಳ್ಳಿ ಕಡೆಯವನು. ಆರು ವರ್ಷ ಜಪಾನಿನ ಒಕಾಯಾಮಾದಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಒಸಾಫುನೆ ಎಂಬ ಊರಿದೆ. ನೂರಾರು ವರ್ಷದಿಂದ ಖಡ್ಗಕ್ಕೆ ಹೆಸರಾದ ಜಾಗ. ಅಲ್ಲಿನ ಖಡ್ಗ ಮ್ಯೂಸಿಯಂ ಪಕ್ಕದಲ್ಲೇ ಕುಲುಮೆ ಇಟ್ಟಿದ್ದಾರೆ. ಕಮ್ಮಾರರು ಕೆಲಸ ಮಾಡುವುದನ್ನು ಜನರ ಮುಂದೆಯೇ ತೋರಿಸುತ್ತಾರೆ. ನಾನು ನಾಲ್ಕು ಸಲ ಹೋಗಿದ್ದೇನೆ. ಮೊದಲ ಸಲ ಪ್ರವಾಸಿ ಆಗಿ, ಆಮೇಲೆ ಹುಚ್ಚು ಹಿಡಿದು.

ಈಗ ನಿಮ್ಮ ತಂದೆಯವರ ಪ್ರಶ್ನೆಗೆ ಬರುತ್ತೇನೆ. ಮಡಚುವುದು ಉಕ್ಕು ಚೆನ್ನಾಗಿದೆ ಅಂತ ಅಲ್ಲ, ಚೆನ್ನಾಗಿಲ್ಲ ಅಂತ!

ಅವರ ಉಕ್ಕಿಗೆ ತಮಾಹಗಾನೆ ಎನ್ನುತ್ತಾರೆ. ಅದು ಬರುವುದು ಶಿಮಾನೆ ಪ್ರಾಂತ್ಯದ ಒಕುಇಜುಮೊ ಎಂಬ ಗುಡ್ಡಗಾಡಿನಿಂದ. ಅಲ್ಲಿ ತತಾರ ಎಂಬ ಮಣ್ಣಿನ ಕುಲುಮೆ ಕಟ್ಟುತ್ತಾರೆ. ನೋಡಲು ದೊಡ್ಡ ಬಾನಿಯ ಹಾಗೆ. ಅದಕ್ಕೆ ಕಬ್ಬಿಣದ ಮರಳು, ಇದ್ದಿಲು, ಮತ್ತೆ ಮರಳು, ಮತ್ತೆ ಇದ್ದಿಲು. ಹೀಗೆ ಮೂರು ಹಗಲು ಮೂರು ರಾತ್ರಿ. ಒಟ್ಟು ಸುಮಾರು 10 ಟನ್ ಮರಳು, 12 ಟನ್ ಇದ್ದಿಲು. ಮುಖ್ಯ ಕೆಲಸಗಾರನಿಗೆ ಮುರಾಗೆ ಅಂತ ಹೆಸರು. ಅವನು ಉರಿಯ ಬಣ್ಣ ನೋಡಿ, ಸದ್ದು ಕೇಳಿ ಯಾವಾಗ ಎಷ್ಟು ಸುರಿಯಬೇಕು ಅಂತ ಹೇಳುತ್ತಾನೆ. ಕೊನೆಗೆ ಕುಲುಮೆಯನ್ನೇ ಒಡೆದು ಒಳಗಿನ ಗಟ್ಟಿ ಎಳೆಯುತ್ತಾರೆ. ಎರಡೂವರೆ ಟನ್ ಆಸುಪಾಸಿನ ಗಟ್ಟಿ. ಅದರಲ್ಲಿ ಖಡ್ಗಕ್ಕೆ ಆಗುವಂಥ ಒಳ್ಳೆ ಉಕ್ಕು ಒಂದು ಟನ್ನೂ ಸಿಗಲ್ಲ.

ಆ ಗಟ್ಟಿ ಪೂರ್ತಿ ಕರಗಿರುವುದಿಲ್ಲ. ಒಂದು ಕಡೆ ಇಂಗಾಲ ಜಾಸ್ತಿ, ಇನ್ನೊಂದು ಕಡೆ ಕಡಿಮೆ, ನಡುನಡುವೆ ಕಿಟ್ಟ. ನಿಮ್ಮ ತಾಯಿ ರೊಟ್ಟಿ ಹಿಟ್ಟನ್ನು ನಾದುವುದು ಯಾಕೆ? ಗಂಟು ಹೋಗಲಿ, ಎಲ್ಲ ಕಡೆ ಒಂದೇ ಹದ ಬರಲಿ ಅಂತ ತಾನೆ? ಇದೂ ಅದೇ. ಮಡಚಿ ಬಡಿದಾಗ ಕಿಟ್ಟ ಹೊರಗೆ ಹಾರುತ್ತದೆ, ಇಂಗಾಲ ಹರಡಿಕೊಳ್ಳುತ್ತದೆ. ಆದರೆ ಪ್ರತಿ ಸಲವೂ ಒಂದಿಷ್ಟು ಉಕ್ಕು, ಒಂದಿಷ್ಟು ಇಂಗಾಲ ಬೆಂಕಿಗೆ ಹೋಗುತ್ತದೆ. ಶುರುವಿನ ತೂಕದಲ್ಲಿ ಅರ್ಧವೂ ಉಳಿಯಲ್ಲ. ಅದಕ್ಕೇ ಜಾಸ್ತಿ ಮಡಚಿದರೆ ಒಳ್ಳೇದು ಅನ್ನುವುದು ಸುಳ್ಳು. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವವನೇ ಕಮ್ಮಾರ.

ಒದ್ದೆ ಕಾಗದ ಪೂಜೆಯಲ್ಲ, ಅಪ್ಪಟ ಕೆಲಸ. ಇದನ್ನು ನಾನು ಮೂರು ಮಾರು ದೂರದಿಂದ ನೋಡಿದ್ದೇನೆ. ಮೊದಲು ಉಕ್ಕನ್ನು ಹಪ್ಪಳದ ಹಾಗೆ ತಟ್ಟಿ, ನೀರಿಗೆ ಹಾಕಿ, ಸುತ್ತಿಗೆಯಿಂದ ಚೂರು ಮಾಡುತ್ತಾರೆ. ಟಕ್ಕನೆ ಮುರಿದದ್ದು ಗಡಸು, ಬಾಗಿದ್ದು ಮೆದು. ಬೇರೆ ಬೇರೆ ಗುಡ್ಡೆ. ಆಮೇಲೆ ಗಡಸು ಚೂರುಗಳನ್ನು ಒಂದು ಸರಳಿನ ತುದಿಯ ತಟ್ಟೆ ಮೇಲೆ ಪೇರಿಸುತ್ತಾರೆ. ಗೋಡೆ ಕಟ್ಟುವಾಗ ಸಂದಿಗೆ ಸಣ್ಣ ಕಲ್ಲು ತುರುಕುತ್ತೇವಲ್ಲ, ಹಾಗೇ. ಪೇರಿಸಿದ್ದು ಜಾರಬಾರದು ಅಂತ ಒದ್ದೆ ಕಾಗದ. ಮೇಲೆ ಹುಲ್ಲಿನ ಬೂದಿ, ಅದರ ಮೇಲೆ ತೆಳು ಮಣ್ಣಿನ ನೀರು. ಬೆಂಕಿಯಲ್ಲಿ ಅದು ಗಾಜಿನ ಹಾಗೆ ಕರಗಿ ಉಕ್ಕಿನ ಮೇಲೆ ಕೂರುತ್ತದೆ. ಗಾಳಿ ತಾಗಲ್ಲ, ಉಕ್ಕು ಸುಟ್ಟು ಹೋಗಲ್ಲ. ಸುಮಾರು 1,300 ಡಿಗ್ರಿಗೆ ಬಂದಾಗ ಕುಲುಮೆಯಿಂದ ಮಳೆ ಹನಿ ಬಿದ್ದಂಥ ಚಿಟಚಿಟ ಸದ್ದು. ಆಗ ಹೊರಗೆ ತೆಗೆದು ಮೊದಲ ಏಟು ಮೆಲ್ಲಗೆ ಹಾಕುತ್ತಾರೆ. ಕಮ್ಮಾರ ಸಣ್ಣ ಸುತ್ತಿಗೆಯಿಂದ ಎಲ್ಲಿ ತಟ್ಟಿ ತೋರಿಸುತ್ತಾನೋ ಅಲ್ಲಿಗೇ ಶಿಷ್ಯನ ಚಮ್ಮಟಿಗೆ ಬೀಳಬೇಕು. ಕುಲುಮೆಮನೆಯವರೇ, ಭಾನುವಾರದ ನಿಮ್ಮ ಕೆಲಸ ಅದೇ ಅಲ್ವಾ?

ಕುಲುಮೆಮನೆ:

ತುಂಗೆಯಾಚೆ ಅಣ್ಣ, ತುಂಬ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. "ಚಿಟಚಿಟ" ಬಂದಾಗ ಕಣ್ಣು ಮುಚ್ಚಿ ತಲೆ ಆಡಿಸಿದರು. ಕೊಡಲಿ ಬಾಯಿಗೆ ಉಕ್ಕು ಕೂಡಿಸುವಾಗ ಅವರೂ ಆ ಸದ್ದಿಗೇ ಕಾಯುತ್ತಿದ್ದರಂತೆ. ಮೆದು ಕಬ್ಬಿಣದ ಮೈ, ಬಾಯಿಗೆ ಮಾತ್ರ ಉಕ್ಕಿನ ತುಂಡು. ಮೇಲೆ ಮರಳು ಎರಚಿ ಕಾಯಿಸುವುದು. ಈಗ ಯಾರೂ ಹಾಗೆ ಮಾಡಿಸಲ್ಲ. ಲಾರಿ ಸ್ಪ್ರಿಂಗ್ ಪ್ಲೇಟ್ ಸಿಗುತ್ತೆ, ಅದನ್ನೇ ಬಡಿದರೆ ಆಯ್ತು.

ಒಂದು ವಿಷಯ ಒಪ್ಪಿಕೊಳ್ಳಬೇಕು. ವಿಡಿಯೋ ನೋಡಿದ ಮೇಲೆ ನಾವಿಬ್ಬರೂ ಸುಮ್ನೆ ಕೂರಲಿಲ್ಲ. ಸ್ಪ್ರಿಂಗ್ ಪ್ಲೇಟಿನಲ್ಲಿ ಒಂದೂವರೆ ಗೇಣು ಕತ್ತಿ ಮಾಡಿ, ಬೆನ್ನಿಗೆ ದಪ್ಪ ಮಣ್ಣು ಮೆತ್ತಿ, ಅವನ ಹಾಗೇ ನೀರಿಗೆ ಬಿಟ್ಟೆವು. ಮೊದಲನೆಯದರ ಮಣ್ಣು ನೀರು ಮುಟ್ಟುವ ಮೊದಲೇ ಉದುರಿತು. ಎರಡನೆಯದು "ಟಿಂಗ್" ಅಂತು. ಬಾಯಿಂದ ಬೆನ್ನಿನವರೆಗೆ ಕೂದಲೆಳೆ ಸೀಳು. ಮೂರನೆಯದೂ ಅಷ್ಟೇ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಇಲ್ಲಿ ದೊಣ್ಣೆಯೂ ಬೇಕಾಗಲಿಲ್ಲ, ನೀರೇ ಸಾಕಾಯಿತು. ಅಪ್ಪ ಯಾವಾಗಲೂ ಸ್ಪ್ರಿಂಗ್ ಪ್ಲೇಟಿನ ಬಾಯಿಯನ್ನು ಎಣ್ಣೆಗೆ ಅದ್ದುವವರು. "ನಿನ್ನ ಮೊಬೈಲ್ ಮಾತು ಕೇಳಿ ಕೆಟ್ಟೆ" ಅಂದರು. ಎರಡು ದಿನ ಮಾತಿಲ್ಲ.

ಭದ್ರಾವತಿ ಹಳಬ:

ಮಗು, ನಿಮ್ಮ ತಂದೆ ಎಣ್ಣೆಗೆ ಅದ್ದುತ್ತಿದ್ದದ್ದೇ ಸರಿ. ಅವರಿಗೆ ನನ್ನ ನಮಸ್ಕಾರ ಹೇಳು.

ನಾನು ಉಕ್ಕಿಗೆ ಹದ ಹಾಕುವ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದವನು. ಸ್ಪ್ರಿಂಗ್ ಪ್ಲೇಟ್ ಬರೀ ಕಬ್ಬಿಣ, ಇಂಗಾಲ ಅಲ್ಲ. ಅದರಲ್ಲಿ ಮ್ಯಾಂಗನೀಸ್, ಸಿಲಿಕಾನ್, ಕೆಲವದರಲ್ಲಿ ಕ್ರೋಮಿಯಂ ಸೇರಿಸಿರುತ್ತಾರೆ. ನಿಧಾನ ತಣಿದರೂ ಒಳಗಿನ ತನಕ ಗಡಸಾಗಲಿ ಅಂತಲೇ ಸೇರಿಸುವುದು. ಅಂಥದ್ದನ್ನು ನೀರಿಗೆ ಹಾಕಿದರೆ ಸೀಳದೆ ಇನ್ನೇನು? ಬೆನ್ನಿಗೆ ಮಣ್ಣು ಮೆತ್ತಿದರೂ ಉಪಯೋಗ ಕಡಿಮೆ. ಮಣ್ಣಿನ ಕೆಳಗೂ ಗಡಸಾಗಿಬಿಡುತ್ತದೆ.

ಜಪಾನಿನವರ ಉಕ್ಕಿನಲ್ಲಿ ಈ ಬೆರಕೆ ಏನೂ ಇಲ್ಲ. ಕಬ್ಬಿಣ, ಇಂಗಾಲ, ಅಷ್ಟೇ ಅನ್ನಬಹುದು. ಅದು ಗಡಸಾಗಬೇಕಾದರೆ ಸರ್ರನೆ ತಣಿಯಬೇಕು. ಬಾಯಿಗೆ ಮಣ್ಣು ತೆಳು, ಅದು ತಕ್ಷಣ ತಣಿದು ಗಾಜಿನಂತೆ ಗಡಸು. ಬೆನ್ನಿಗೆ ದಪ್ಪ, ಅದು ನಿಧಾನ ತಣಿದು ಮೆದು. ಎರಡರ ಗಡಿಯಲ್ಲಿ ಮೋಡದ ಅಂಚಿನ ಹಾಗೆ ಬಿಳಿ ಗೆರೆ ಬರುತ್ತದೆ. ಅದಕ್ಕೆ ಅವರು ಹಾಮೋನ್ ಅನ್ನುವುದು. ಖಡ್ಗ ಬಾಗಿರುವುದೂ ಹೆಚ್ಚಾಗಿ ಇದರಿಂದಲೇ. ಗಡಸಾದ ಬಾಯಿ ಹಿಗ್ಗುತ್ತದೆ, ಹಿಗ್ಗಿ ಇಡೀ ಖಡ್ಗವನ್ನು ಬೆನ್ನಿನ ಕಡೆಗೆ ಬಾಗಿಸುತ್ತದೆ. ನೀರೊಳಗೇ ಆಗುವ ಕೆಲಸ ಅದು.

ಇನ್ನೊಂದು ಮಾತು. ನಮ್ಮ ಕಡೆ ಹಿಂದೆ ಮೂಸೆಯಲ್ಲಿ ಉಕ್ಕು ಕರಗಿಸುತ್ತಿದ್ದರು. ಇಂಗ್ಲಿಷರು ವೂಟ್ಜ್ ಅಂದದ್ದು ನಮ್ಮ "ಉಕ್ಕು" ಮಾತಿನಿಂದಲೇ ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಅದು ಮೂಸೆಯೊಳಗೆ ಕರಗಿ ನೀರಾಗುತ್ತಿತ್ತು, ಕಿಟ್ಟ ಮೇಲೆ ತೇಲುತ್ತಿತ್ತು. ಹಾಗಾಗಿ ಮಡಚುವ ಗೋಜೇ ಇಲ್ಲ. ಅವರದು ಕರಗದ ಉಕ್ಕು, ಅದಕ್ಕೆ ಮಡಚುತ್ತಾರೆ. ಯಾವುದು ಮೇಲು ಅಂತ ಜಗಳ ಆಡಬೇಡಿ. ಇಲ್ಲಿ ಆ ಜಗಳ ಶುರುವಾದರೆ ಮುಗಿಯಲ್ಲ.

ಇದ್ದಿಲಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಭದ್ರಾವತಿಯ ಊದು ಕುಲುಮೆ 1923ರಲ್ಲಿ ಹೊತ್ತಿದ್ದು ಕಲ್ಲಿದ್ದಲಿನಿಂದ ಅಲ್ಲ, ನಮ್ಮ ಮಲೆನಾಡಿನ ಕಾಡಿನ ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯದು. ಇದ್ದಿಲಿನಲ್ಲಿ ಗಂಧಕ ಇಲ್ಲವೆನ್ನುವಷ್ಟು ಕಡಿಮೆ. ಕಬ್ಬಿಣ ಶುದ್ಧವಾಗಿ ಬರುತ್ತಿತ್ತು. ಜಪಾನಿನ ಕಮ್ಮಾರ ಇವತ್ತಿಗೂ ಪೈನ್ ಮರದ ಇದ್ದಿಲು ಬಿಡದಿರುವುದಕ್ಕೆ ಇದೂ ಒಂದು ಕಾರಣ.

ನೀರಿನ ಹದ ನೋಡಲೇಬೇಕು ಅಂತಿದ್ದರೆ ಹಳೇ ಅರ (ಲೋಹ ಉಜ್ಜುವ ಫೈಲ್) ಹುಡುಕು. ಅರದಲ್ಲಿ ಇಂಗಾಲ ಜಾಸ್ತಿ, ಬೆರಕೆ ಕಡಿಮೆ. ಹಲ್ಲು ಪೂರ್ತಿ ತಿಕ್ಕಿ ತೆಗೆಯಬೇಕು. ಒಂದು ಹಲ್ಲಿನ ಗುರುತು ಉಳಿದರೂ ಸೀಳು ಅಲ್ಲಿಂದಲೇ ಶುರು. ಮಣ್ಣು ಎರಡು ದಿನ ಒಣಗಲಿ.

ತುಂಗೆಯಾಚೆ:

ಭದ್ರಾವತಿ ಹಳಬರೇ, ನೀವು ಹೇಳಿದ ಮೇಲೆ ನಾನು ಹದದ ಬಗ್ಗೆ ಬಾಯಿ ಬಿಡಲ್ಲ. ಒಂದೇ ಒಂದು ಸೇರಿಸುತ್ತೇನೆ. ಅವರು ಹಚ್ಚುವುದು ಬರೀ ಮಣ್ಣಲ್ಲ. ಜೇಡಿಮಣ್ಣು, ಇದ್ದಿಲಿನ ಪುಡಿ, ಸಾಣೆಕಲ್ಲಿನ ಪುಡಿ. ಅಳತೆ ಒಬ್ಬೊಬ್ಬರದು ಒಂದೊಂದು. ಹದ ಹಾಕುವುದು ರಾತ್ರಿ, ದೀಪ ಆರಿಸಿ. ಹಗಲಲ್ಲಿ ಕೆಂಪಿನ ಬಣ್ಣ ಕಣ್ಣಿಗೆ ಸುಳ್ಳು ಹೇಳುತ್ತದೆ. 750ರಿಂದ 800 ಡಿಗ್ರಿ ನಡುವಿನ ಆ ಬಣ್ಣವನ್ನು ಬರೀ ಕಣ್ಣಲ್ಲೇ ಹಿಡಿಯುತ್ತಾರೆ. ಅಷ್ಟಾದರೂ ಅವರದ್ದೂ ಸೀಳುತ್ತದೆ ಅಂತ ನಿಮ್ಮ ತಂದೆಯವರಿಗೆ ಹೇಳಿ. ತಿಂಗಳುಗಟ್ಟಲೆ ಮಾಡಿದ್ದು ಒಂದು ಕ್ಷಣದಲ್ಲಿ ಗುಜರಿ.

ಊಟದ ಪ್ರಶ್ನೆಗೆ ಬರುತ್ತೇನೆ. ಇಡೀ ಚರ್ಚೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಅದೇ.

ಈ ಕಸುಬು ಎರಡು ಸಲ ಸತ್ತು ಬದುಕಿದೆ. 1876ರಲ್ಲಿ ಸರ್ಕಾರ ಸೊಂಟಕ್ಕೆ ಖಡ್ಗ ಕಟ್ಟಿಕೊಂಡು ಓಡಾಡುವಂತಿಲ್ಲ ಅಂದಿತು. ಕೊಳ್ಳುವವರೇ ಇಲ್ಲ. ಎಷ್ಟೋ ಕಮ್ಮಾರರು ಅಡುಗೆಮನೆ ಚಾಕುವಿಗೆ, ಕೃಷಿ ಸಾಮಾನಿಗೆ ಇಳಿದರು. 1945ರಲ್ಲಿ ಯುದ್ಧ ಸೋತ ಮೇಲೆ ಖಡ್ಗ ಮಾಡುವುದೇ ನಿಂತಿತು. ಮತ್ತೆ ಶುರುವಾದದ್ದು 1953ರ ಹೊತ್ತಿಗೆ, ಆಯುಧ ಅಂತ ಅಲ್ಲ, ಕಲಾಕೃತಿ ಅಂತ. ಆದರೆ ಉಕ್ಕು ಎಲ್ಲಿ? ತತಾರ ಆರಿಹೋಗಿತ್ತು. ಹಳೇ ದಾಸ್ತಾನು ಮುಗಿಯುತ್ತಾ ಬಂತು. ಕೊನೆಗೆ 1977ರಲ್ಲಿ ಖಡ್ಗ ಸಂರಕ್ಷಣೆಯ ಸಂಘದವರು ಒಕುಇಜುಮೊದಲ್ಲಿ ಅದನ್ನು ಮತ್ತೆ ಹೊತ್ತಿಸಿದರು. ಆಗ ಹಳೇ ಮುರಾಗೆಗಳು ಇನ್ನೂ ಬದುಕಿದ್ದರು. ಹತ್ತು ವರ್ಷ ತಡವಾಗಿದ್ದರೆ ಕಲಿಸುವವರೇ ಇರುತ್ತಿರಲಿಲ್ಲವೇನೋ. ಈಗಲೂ ಚಳಿಗಾಲದಲ್ಲಿ ಮಾತ್ರ ಹೊತ್ತಿಸುತ್ತಾರೆ. ಬಂದ ಉಕ್ಕನ್ನು ದೇಶದ ಕಮ್ಮಾರರಿಗೆ ಹಂಚುತ್ತಾರೆ.

ಕಮ್ಮಾರ ಆಗುವುದೂ ಸುಲಭ ಅಲ್ಲ. ಲೈಸೆನ್ಸ್ ಇರುವ ಗುರುವಿನ ಹತ್ತಿರ ಕನಿಷ್ಠ ಐದು ವರ್ಷ ಶಿಷ್ಯನಾಗಿರಬೇಕು. ಸಂಬಳ ಸಾಮಾನ್ಯವಾಗಿ ಇರಲ್ಲ. ಆಮೇಲೆ ಸರ್ಕಾರದ ತರಬೇತಿ, ಅಲ್ಲಿ ಪಾಸಾದರೆ ಲೈಸೆನ್ಸ್. ಇದ್ದಿಲು ಕತ್ತರಿಸಲು ಮೂರು ವರ್ಷ ಅಂತ ಅವರಲ್ಲಿ ಒಂದು ಮಾತಿದೆ. ಒಸಾಫುನೆಯಲ್ಲಿ ನಾನು ನೋಡಿದ ಹುಡುಗ ಒಂದೂವರೆ ತಾಸು ಅದನ್ನೇ ಮಾಡಿದ. ಮುಖ, ಮೂಗು ಎಲ್ಲ ಕಪ್ಪು. ತುಂಡುಗಳು ಮಾತ್ರ ಶುಂಠಿ ಪೆಪ್ಪರಮಿಂಟಿನ ಹಾಗೆ ಒಂದೇ ಅಳತೆ.

ಲೈಸೆನ್ಸ್ ಸಿಕ್ಕ ಮೇಲೂ ತಿಂಗಳಿಗೆ ಎರಡೇ ಉದ್ದದ ಖಡ್ಗ, ಅದು ಕಾನೂನು. ಆತುರಕ್ಕೆ ಕಳಪೆ ಮಾಲು ಬರಬಾರದು ಅಂತ. ಪ್ರತಿಯೊಂದನ್ನೂ ನೋಂದಾಯಿಸಬೇಕು. ಬೆಲೆ ಹತ್ತು ಲಕ್ಷ ಯೆನ್ ದಾಟುವುದು ಸಾಮಾನ್ಯ. ಆದರೆ ಅದೆಲ್ಲ ಕಮ್ಮಾರನ ಕೈಗೆ ಬರಲ್ಲ. ಸಾಣೆ ಹಿಡಿಯುವವನು ಬೇರೆ, ಒರೆ ಮಾಡುವವನು ಬೇರೆ, ಹಿಡಿಗೆ ದಾರ ಸುತ್ತುವವನು ಬೇರೆ. ಸಾಣೆ ಒಂದಕ್ಕೇ ವಾರಗಟ್ಟಲೆ ಹಿಡಿಯುತ್ತದೆ. ಹೊಸಬರಲ್ಲಿ ಎಷ್ಟೋ ಜನ ಬದುಕಲು ಚಾಕು ಮಾಡುತ್ತಾರೆ, ಇಲ್ಲ ಬೇರೆ ಕೆಲಸಕ್ಕೆ ಹೋಗುತ್ತಾರೆ. ಹಾಗಾಗಿ ಅಲ್ಲಿ ಎಲ್ಲ ಚೆಂದ ಅಂದುಕೊಳ್ಳಬೇಡಿ.

ಮತ್ತೆ ಹೇಗೆ ಉಳಿದಿದೆ? ಕೇಳುವವರಿದ್ದಾರೆ, ಅದಕ್ಕೆ. ಇಸೆ ಎಂಬಲ್ಲಿ ಅವರ ದೊಡ್ಡ ದೇವಸ್ಥಾನ ಇದೆ. 20 ವರ್ಷಕ್ಕೊಮ್ಮೆ ಅದನ್ನು ಹೊಸದಾಗಿ ಕಟ್ಟುತ್ತಾರೆ. ದೇವರ ಸಾಮಾನೂ ಹೊಸದು, ಖಡ್ಗಗಳೂ ಹೊಸವು. ಹೋದ ಸಲ 2013, ಮುಂದಿನದು 2033. ಅಂದರೆ ಒಬ್ಬ ಕಮ್ಮಾರ ಶಿಷ್ಯನಾಗಿ ಒಂದು ಸಲ, ಗುರುವಾಗಿ ಒಂದು ಸಲ ಆ ಕೆಲಸ ನೋಡಬಹುದು. ಇನ್ನು ಒಸಾಫುನೆ ಇರುವ ಸೆತೊಉಚಿ ಸಣ್ಣ ಊರು. ಹಿಂದಿನ ಕಾಲದ ಒಂದು ಹೆಸರಾಂತ ಖಡ್ಗವನ್ನು ಆ ಪುರಸಭೆ ದೇಣಿಗೆ ಎತ್ತಿ 50 ಕೋಟಿ ಯೆನ್‌ಗೆ ಕೊಂಡಿತು, 2020ರಲ್ಲಿ. ನಮ್ಮೂರಿನ ಖಡ್ಗ ನಮ್ಮೂರಿಗೆ ಬರಲಿ ಅಂತ. ನಮ್ಮ ಪಟ್ಟಣ ಪಂಚಾಯ್ತಿ ಸಭೆಯಲ್ಲಿ ಹೀಗೊಂದು ಮಾತು ಎತ್ತಿ ನೋಡಿ, ಆಮೇಲೆ ಹೇಳಿ.

ಗುಡ್ಡದಮನೆ:

ಬಂದೂಕಿನ ಮಾತು ವಾಪಸ್ ತಗೊಂಡೆ ಮಾರಾಯ್ರೆ. ಆದ್ರೆ ಕುಲುಮೆಮನೆಯವರೇ, ಅರದಲ್ಲಿ ಖಡ್ಗ ಮಾಡಿ ಮಾರೋಕೆ ಹೋಗಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಖಡ್ಗ ಮಾಡಿ ಮಾರಲು ಲೈಸೆನ್ಸ್ ಬೇಕು. ತೋಟದ ಕತ್ತಿ, ಮೆಟ್ಟುಗತ್ತಿಗೆ ತೊಂದರೆ ಇಲ್ಲ. ನಮ್ಮ ಮನೆಗೂ ಎರಡು ಮೆಟ್ಟುಗತ್ತಿ ಬೇಕು, ಕೊಯ್ಲಿಗೆ ಮುಂಚೆ.

ಕುಲುಮೆಮನೆ:

ಎಲ್ಲರಿಗೂ ಮತ್ತೆ ನಮಸ್ಕಾರ. ಮೂರು ವಾರ ಆಯ್ತು, ಸುದ್ದಿ ಹೇಳಲು ಬಂದೆ.

ಖಡ್ಗದ ಯೋಚನೆ ನಮಗಿಲ್ಲ, ಸೊಪ್ಪಿನ ಕತ್ತಿಯೇ ಸಾಕು. ವರ್ಕ್‌ಶಾಪಿನಲ್ಲಿ ಸವೆದು ಮೂಲೆಗೆ ಬಿದ್ದಿದ್ದ ಎರಡು ದೊಡ್ಡ ಅರ ಕೇಳಿ ತಂದೆ. ಅಪ್ಪ ಅದನ್ನು ಕೆಂಪಗೆ ಕಾಯಿಸಿ ಒಂದು ರಾತ್ರಿ ಬೂದಿಯಲ್ಲಿ ಹೂತಿಟ್ಟರು. ಬೆಳಿಗ್ಗೆ ಮೆದುವಾಗಿತ್ತು. ಹಲ್ಲು ತಿಕ್ಕಿದ್ದು ನಾನು, ಗ್ರೈಂಡರಿನಲ್ಲಿ. ಅಪ್ಪ ಬೆರಳ ತುದಿಯಿಂದ ಸವರಿ ನೋಡಿ ಎರಡು ಸಲ ವಾಪಸ್ ಕೊಟ್ಟರು. "ಇಲ್ಲೊಂದು ಗೆರೆ ಉಳಿದಿದೆ." ನನಗೆ ಕಾಣಲೇ ಇಲ್ಲ.

ಮಣ್ಣಿಗೆ ನಮ್ಮ ಗದ್ದೆ ಅಂಚಿನ ಜೇಡಿ, ಇದ್ದಿಲು ಪುಡಿ, ಸಾಣೆಕಲ್ಲಿನ ಪುಡಿ. ಕಲಸಿ ಬೆನ್ನಿಗೆ ದಪ್ಪ, ಬಾಯಿಗೆ ಬರೀ ನೀರಿನ ಹಾಗೆ ಹಚ್ಚಿ ಎರಡು ದಿನ ಒಲೆ ಪಕ್ಕ ಒಣಗಿಸಿದೆವು. ಅಮ್ಮ ಅದನ್ನು ಯಾವುದೋ ತಿಂಡಿ ಅಂದುಕೊಂಡು ಪಾತ್ರೆ ಮುಚ್ಚಿಟ್ಟಿದ್ದರು.

ದೀಪ ಆರಿಸುವ ವಿಷಯ ಹೇಳಿದಾಗ ಅಪ್ಪ ನನ್ನನ್ನೇ ಒಂಥರಾ ನೋಡಿದರು. "ನಾನು ಇಷ್ಟು ವರ್ಷ ಮುಸ್ಸಂಜೆ ಮೇಲೇ ಹದ ಹಾಕೋದು ಯಾಕೆ ಅಂದ್ಕೊಂಡೆ? ಹಗಲು ಪುರುಸೊತ್ತಿಲ್ಲ ಅಂತಲಾ?" ಅಂದರು. ನಾನು ಹಾಗೇ ಅಂದುಕೊಂಡಿದ್ದೆ, ನಿಜ ಹೇಳಬೇಕಂದ್ರೆ.

ಕುಲುಮೆಯ ಬಾಗಿಲು ಹಾಕಿದೆವು. ತೆಂಗಿನ ಚಿಪ್ಪಿನ ಇದ್ದಿಲು. ತಿದಿ ನನ್ನ ಕೈಯಲ್ಲಿ. ಅಪ್ಪ "ಸಾಕು" ಅಂದಾಗ ಬಣ್ಣ ಮಾಗಿದ ಅಡಿಕೆಗಿಂತ ಒಂಚೂರು ಕೆಂಪು. ಉಗುರುಬೆಚ್ಚಗಿನ ನೀರಿಗೆ ಬಾಯಿ ಕೆಳಗೆ ಮಾಡಿ ಇಳಿಸಿದರು. ಬುಸ್ ಅಂತು. ಇಬ್ಬರೂ ಉಸಿರು ಹಿಡಿದು ಆ "ಟಿಂಗ್"ಗೆ ಕಾದೆವು. ಬರಲಿಲ್ಲ. ಎರಡನೇ ಅರ ಮಾತ್ರ ತುದಿಯಲ್ಲಿ ಸೀಳಿತು. ಆಮೇಲೆ ಸೀಳದೇ ಉಳಿದದ್ದನ್ನು ಬಿಸಿ ಬೂದಿಯ ಮೇಲೆ ಸ್ವಲ್ಪ ಹೊತ್ತು ಇಟ್ಟು ಬಿರುಸು ಇಳಿಸಿದರು. ಪಾಲಿಶ್ ಪೇಪರಿನಿಂದ ತಿಕ್ಕಿ ನಿಂಬೆಹಣ್ಣಿನ ರಸ ಸವರಿದಾಗ ಬಾಯಿಂದ ಒಂದು ಬೆರಳು ಮೇಲೆ ಗೆರೆ ಎದ್ದಿತು. ಅಲ್ಲಲ್ಲಿ ಕಟ್ಟಾಗಿದೆ, ಒಂದು ಕಡೆ ಪೂರ್ತಿ ಬಾಯಿಯ ಹೊರಗೇ ಓಡಿಹೋಗಿದೆ. ಆದರೂ ಅದೇ ಗೆರೆ.

ಅಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಗಿಡ ಕಡಿಯೋಕೆ ಗೆರೆ ಯಾಕೆ" ಅಂತ ಗೊಣಗಿದರು. ಆದರೆ ಆ ಕತ್ತಿಗೆ ಹಿಡಿ ಹಾಕಿ ಯಾರಿಗೂ ಕೊಟ್ಟಿಲ್ಲ, ಅಟ್ಟದ ಜಂತಿಗೆ ಸಿಕ್ಕಿಸಿದ್ದಾರೆ.

ಗುಡ್ಡದಮನೆಯವರೇ, ಎರಡು ಮೆಟ್ಟುಗತ್ತಿ ಬರೆದುಕೊಂಡಿದ್ದೇನೆ. ಶಿವಮೊಗ್ಗ, ಸಾಗರ, ಹೊಸನಗರ ಕಡೆ ಯಾರ ಹತ್ತಿರವಾದರೂ ಹಳೇ ಅರ ಇದ್ದರೆ ತಿಳಿಸಿ. 12 ಇಂಚು ಅಥವಾ ಅದಕ್ಕಿಂತ ದೊಡ್ಡದು. ತುಕ್ಕು ಹಿಡಿದಿದ್ದರೂ ಪರವಾಗಿಲ್ಲ, ಅಪ್ಪ ದಿನಾ ಕೇಳುತ್ತಿದ್ದಾರೆ.